ಕರೆದವರೇ ಬಾಗಿಲು ಹಾಕಿದರು! ನಮ್ಮ ಮಕ್ಕಳ ಗತಿ ಏನು?

ಮತ್ತೋಡು ಹೋಬಳಿಯ ಬಂಧುಗಳೇ, ಹೆತ್ತವರೇ,

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಹೊರದೇಶದಿಂದ ಹೊಸದಾಗಿ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಹೋಗುವವರ ಅರ್ಜಿಗೆ 1 ಲಕ್ಷ ಡಾಲರ್! ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ! ಎರಡೇ ದಿನಕ್ಕೆ ಜಾರಿಯೂ ಆಯಿತು. ಮಾರ್ಚ್ ಬಂದರೆ ಯಾರಿಗೆ ವೀಸಾ ಎಂದು ಆರಿಸುವ ಲಾಟರಿ ಮತ್ತೆ. ಅಷ್ಟರೊಳಗೆ ಬಾಯಿ ಬಿಡದಿದ್ದರೆ ಇನ್ನು ಯಾವಾಗ?

ನಮ್ಮ ಹೋಬಳಿಯದೇ ಒಬ್ಬ ಹುಡುಗನನ್ನು ನೋಡಿ. ಅಪ್ಪ ಕೊಬ್ಬರಿ ಮಾರಿ ಎಂಜಿನಿಯರಿಂಗ್ ಫೀಸು ಕಟ್ಟಿದರು. ಅದೂ ಸಾಲದಾದಾಗ ತೋಟದ ಪಹಣಿ ಕೊಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಿದರು. ‘ಈ ಸಲದ ಲಾಟರಿಗೆ ನಿನ್ನ ಹೆಸರು ಹಾಕುತ್ತೇವೆ’ ಎಂದಿದ್ದ ಕಂಪನಿ ಈಗ ‘ನೋಡೋಣ’ ಎನ್ನುತ್ತಿದೆ. ಸಾಲದ ಕಂತು ಮಾತ್ರ ‘ನೋಡೋಣ’ ಎನ್ನುವುದಿಲ್ಲ.

ಇದೇ ಅಮೆರಿಕ 1917ರಲ್ಲಿ ನಮ್ಮವರೂ ಸೇರಿ ಏಷ್ಯಾದ ಬಹುಪಾಲು ಜನ ಬರಲೇಬಾರದೆಂದು ಕಾನೂನು ಮಾಡಿತ್ತು. 1946ರಲ್ಲಿ ವರ್ಷಕ್ಕೆ 100 ಭಾರತೀಯರು ಬರಬಹುದೆಂದಿತು. ಬರೀ ನೂರು! 1965ರಲ್ಲಿ ಕಾನೂನು ಬದಲಾಗಿ ಡಾಕ್ಟರು, ಎಂಜಿನಿಯರುಗಳಿಗೆ ದಾರಿ ಬಿಟ್ಟಿತು. ಕಂಪ್ಯೂಟರ್ ಕೆಲಸಕ್ಕೆ ಜನ ಸಾಲದಾದಾಗ 65,000 ಇದ್ದ ವೀಸಾ ಮಿತಿ 2001ಕ್ಕೆ 1,95,000 ಆಯಿತು, ಕೆಲಸ ಮುಗಿಯುತ್ತಲೇ 2004ಕ್ಕೆ ಮತ್ತೆ 65,000. ಈಗ 88 ಲಕ್ಷ ರೂಪಾಯಿಯ ಶುಲ್ಕ. ಬೇಕಾದಾಗ ಕರೆ, ಬೇಡವಾದಾಗ ಕುತ್ತಿಗೆ ಹಿಡಿದು ಹೊರಕ್ಕೆ. ಇದು ಯಾವ ನ್ಯಾಯ?

‘ಹಣ ಕಟ್ಟುವುದು ಕಂಪನಿ, ನಿಮಗೇನು ಕಷ್ಟ?’ ಎನ್ನುವ ಪಂಡಿತರಿದ್ದಾರೆ. ಸ್ವಾಮಿ, ಹೊಸದುರ್ಗ ತಾಲ್ಲೂಕಿನ ಹೊಸ ಹುಡುಗನಿಗೆ 88 ಲಕ್ಷ ಸುರಿಯುವ ಆ ಧರ್ಮಾತ್ಮ ಕಂಪನಿಯ ವಿಳಾಸ ಕೊಡಿ, ನಾಳೆಯೇ ಹೋಗಿ ಕೈ ಮುಗಿಯುತ್ತೇವೆ!

ಅದಕ್ಕಿಂತ ಹೊಟ್ಟೆ ಉರಿಯುವುದು ಅಲ್ಲೇ ನೆಲೆಸಲು ಗ್ರೀನ್ ಕಾರ್ಡ್ ಸಿಕ್ಕ ನಮ್ಮವರೇ ಕೆಲವರ ಮಾತಿಗೆ. ‘ನಮ್ಮ ಜನ ಅಲ್ಲಿ ಜಾಸ್ತಿಯಾದರು’ ಅಂತೆ! ಹತ್ತಿದ ಏಣಿ ಒದೆಯುವ ನೀವು ಊರ ಜಾತ್ರೆಗೆ ಯಾವ ಮುಖ ಹೊತ್ತು ಬರುತ್ತೀರಿ?

1966ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಮುಂಡಗೋಡಿನಲ್ಲಿ ನೆಲ ಕೊಟ್ಟಾಗ ಮುಖ್ಯಮಂತ್ರಿ ಆಗಿದ್ದವರು ಚಿತ್ರದುರ್ಗದ ನಿಜಲಿಂಗಪ್ಪನವರು. ದಿಕ್ಕಿಲ್ಲದೆ ಬಂದವರಿಗೆ ಜಾಗ ಕೊಟ್ಟ ನಾಡು ನಮ್ಮದು. ದುಡಿಯಲು ಹೋಗುವ ನಮ್ಮ ಮಕ್ಕಳಿಗೆ ಮರ್ಯಾದೆ ಕೇಳುವುದು ತಪ್ಪೇ?

ದೆಹಲಿ ಗಟ್ಟಿ ದನಿಯಲ್ಲಿ ಮಾತಾಡಲಿ. ಸಂಸದರು ಸದನದಲ್ಲಿ ಎದ್ದು ನಿಲ್ಲಲಿ. ತಹಶೀಲ್ದಾರರ ಮೂಲಕ ಕಳಿಸುವ ಮನವಿಗೆ ಮನೆಗೊಬ್ಬರು ಬಂದು ಸಹಿ ಹಾಕಿ. ಈ ಕರಪತ್ರ ಓದಿ ಪಕ್ಕದ ಮನೆಗೆ ಕೊಡಿ.

– ಮತ್ತೋಡು ಹೋಬಳಿಯ ಹೆತ್ತವರು