ಕಡಲೂರಿನ ನಡುಪೇಟೆ ಮತ್ತು ಕನ್ನಡ

ನಮ್ಮ ಚಂಪೂ ಕವಿಗಳು ಪಾಲಿಸಿದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರಕ್ಕೆ ಒಂದು ಸ್ಥಾನ, ಪುರಕ್ಕೆ ಮತ್ತೊಂದು ಸ್ಥಾನ. ಆದರೆ ಸಮುದ್ರದಂಚಿನ ಪುರವೊಂದರ ನಟ್ಟನಡುವೆ, ಅಂಗಡಿಯ ಮಗ್ಗುಲಲ್ಲಿಯೇ ಸಂಸಾರ ಹೂಡಿ ಬಾಳುವುದು ಹೇಗಿರುತ್ತದೆ ಎಂಬುದನ್ನು ಆ ವರ್ಣನೆಗಳಿಂದ ತಿಳಿಯಲಾಗದು. ಮಂಗಳೂರಿನ ಬಂದರು ಪೇಟೆಯಲ್ಲಿ ಹುಟ್ಟಿ ಬೆಳೆದು, ಕಳೆದ ಎರಡೂವರೆ ದಶಕಗಳಿಂದ ದೆಹಲಿಯಲ್ಲಿ ಕನ್ನಡದ ಅಧ್ಯಾಪನದಲ್ಲಿ ತೊಡಗಿರುವ ನನಗೆ ಈ ಪ್ರಶ್ನೆ ಕೇವಲ ಊರಿನ ನೆನಪಿಗೆ ಸಂಬಂಧಿಸಿದುದಲ್ಲ. ಕರಾವಳಿಯಲ್ಲಿ ಕನ್ನಡ ಹೇಗೆ ಉಳಿದುಬಂದಿತು ಎಂಬ ವಿಚಾರಕ್ಕೂ ಇದಕ್ಕೂ ಹತ್ತಿರದ ನಂಟಿದೆ.

ನನ್ನ ತಂದೆಯವರು ಬಂದರಿನ ಜೀನಸು ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಧಣಿಗಳ ಮನೆಮಾತು ಕೊಂಕಣಿ, ಮೂಟೆ ಹೊರುವವರದು ಬ್ಯಾರಿ, ನಮ್ಮದು ತುಳು, ಎದುರಿನ ಮಂಡಿಯವರದು ಗುಜರಾತಿ. ಬೀದಿಯ ವ್ಯವಹಾರವೆಲ್ಲ ಬಹುಮಟ್ಟಿಗೆ ತುಳುವಿನಲ್ಲಿ ನಡೆಯುತ್ತಿತ್ತು. ಆದರೆ ಲೆಕ್ಕದ ಪುಸ್ತಕ ಕನ್ನಡದಲ್ಲಿತ್ತು. ಸಂಜೆ ಮಂಡಿಯ ಬಾಗಿಲು ಹಾಕಿದ ಮೇಲೆ ಹಮಾಲಿಗಳು ನಮ್ಮ ಚಾವಡಿಗೆ ಬಂದು, ಮುಂಬಯಿಯಲ್ಲಿ ದುಡಿಯುತ್ತಿದ್ದ ಮಕ್ಕಳಿಗೆ ತಂದೆಯವರಿಂದ ಕಾಗದ ಬರೆಸುತ್ತಿದ್ದರು. ಹೇಳುವವರ ಮಾತು ಬ್ಯಾರಿ, ಕೇಳಿಸಿಕೊಳ್ಳುವವರ ಮಾತು ತುಳು, ಕಾಗದದ ಮಾತು ಕನ್ನಡ. ಇಬ್ಬರ ಮನೆಮಾತೂ ಅಲ್ಲದ ನುಡಿಯೊಂದು ಇಬ್ಬರ ನಂಬಿಕೆಯನ್ನೂ ಹೊತ್ತು ಅಂಚೆಪೆಟ್ಟಿಗೆ ಸೇರುತ್ತಿತ್ತು.

ಇದು ನಮ್ಮ ಮನೆಯ ವಿಶೇಷವೇನಲ್ಲ; ಆ ಊರಿನ ಕನ್ನಡದ ಚರಿತ್ರೆಯೇ ಹೀಗಿದೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದದ್ದು ತುಳು, ಕೊಂಕಣಿಗಳು ಹೆಚ್ಚಾಗಿ ಕೇಳಿಬರುತ್ತಿದ್ದ ಈ ಊರಿನಿಂದ. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ. ಇರುಳಿಡೀ ನಡೆಯುವ ಯಕ್ಷಗಾನದಲ್ಲಿ, ತಾಳಮದ್ದಳೆಯ ವಾದ ಸಂವಾದಗಳಲ್ಲಿ ಪ್ರೌಢ ಕನ್ನಡವನ್ನು ಸವಿದವರಲ್ಲಿ ಬಹುಮಂದಿ ಮನೆಗೆ ಮರಳಿ ಬೇರೊಂದು ನುಡಿಯಲ್ಲಿ ಊಟ ಕೇಳಿದವರು. ಮಂಗಳೂರಿನ ಕನ್ನಡ ಕಲಿತ ಕನ್ನಡ, ನೆರೆಹೊರೆ ಕೂಡಿ ಗಳಿಸಿಕೊಂಡ ಕನ್ನಡ. ಹಾಗೆ ಗಳಿಸಿಕೊಳ್ಳಲು ಒಂದು ನೆಲೆ ಬೇಕಾಗುತ್ತದೆ. ಆ ನೆಲೆಗಳಲ್ಲಿ ಮುಖ್ಯವಾದುದು ಜನವಸತಿಯುಳ್ಳ ನಡುಪೇಟೆ ಎಂಬುದು ನನ್ನ ಅಭಿಪ್ರಾಯ.

ರಥಬೀದಿಯ ವೆಂಕಟರಮಣ ದೇವಾಲಯ, ಬಂದರಿನ ಝೀನತ್ ಬಕ್ಷ್ ಮಸೀದಿ, ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚು ಇವುಗಳನ್ನು ಒಂದೇ ಬೆಳಗ್ಗೆ ಕಾಲ್ನಡಿಗೆಯಲ್ಲಿ ಸುತ್ತಿಬರಬಹುದು. ಅಂತಹ ಇಕ್ಕಟ್ಟಿನ ಊರಿನಲ್ಲಿ ಚಹದ ಅಂಗಡಿಯ ಬೆಂಚಿನ ಮೇಲೆ ಒಂದೇ ಪತ್ರಿಕೆ ಹತ್ತು ಕೈ ದಾಟುತ್ತಿತ್ತು. ಓದಲು ಬಾರದವರಿಗೆ ಬರುವವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಈ ಬದುಕನ್ನು ಚೆಲುವಾಗಿಸಿ ಹೇಳುವ ಉದ್ದೇಶ ನನಗಿಲ್ಲ. ಆಷಾಢದ ಮಳೆಗೆ ಗೋಡೆಗಳು ತೇವ ಹಿಡಿದು ಪುಸ್ತಕಗಳಿಗೆ ಬೂಷ್ಟು ಬರುತ್ತಿತ್ತು. ಒಣಮೀನಿನ ವಾಸನೆ, ಮೆಣಸಿನ ಘಾಟು, ನಡುರಾತ್ರಿಯ ಲಾರಿಗಳ ಸದ್ದು ಇವುಗಳ ನಡುವೆಯೇ ಪರೀಕ್ಷೆಗೆ ಓದಬೇಕಾಗಿತ್ತು. ಯಾರ ಮನೆಯ ಒಳಗೆ ಯಾರು ಹೋಗಬಹುದು, ಯಾರು ಜಗಲಿಯಲ್ಲಿಯೇ ನಿಲ್ಲಬೇಕು ಎಂಬ ಕಟ್ಟುಗಳು ಬಿಗಿಯಾಗಿದ್ದವು. ಹೆಣ್ಣುಮಕ್ಕಳಿಗೆ ಆ ಚಹದ ಅಂಗಡಿಯ ಬೆಂಚು ಎಂದೂ ದೊರೆಯಲಿಲ್ಲ. ಅನುಕೂಲ ಒದಗಿದೊಡನೆ ಜನರು ಅಲ್ಲಿಂದ ಹೊರಟರೆಂದರೆ ಅವರನ್ನು ದೂರುವಂತಿಲ್ಲ. ನಾನೂ ಹೊರಟವನೇ.

ಆದರೂ ಹೊರಟುಹೋದುದರೊಡನೆ ಏನು ಹೋಯಿತು ಎಂಬುದನ್ನು ಗಮನಿಸಬೇಕು. 1974ರ ಹೊತ್ತಿಗೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ಸಿದ್ಧವಾದ ಮೇಲೆ ದೊಡ್ಡ ಹಡಗುಗಳ ವ್ಯಾಪಾರ ಅತ್ತ ನೆಲೆಗೊಂಡಿತು. ಹಳೆಯ ಬಂದರಿಗೆ ಮೀನುಗಾರಿಕೆಯೂ ಮಂಜಿಗಳ ಸಾಗಾಟವೂ ಉಳಿದವು. ಹಂಚಿನ ಮನೆಗಳಿದ್ದ ಕಡೆ ಬಹುಮಹಡಿ ಕಟ್ಟಡಗಳೆದ್ದವು. ಬಲ್ಮಠದ ಬಳಿ 1975ರಲ್ಲಿ ತೆರೆದು ಓದುಗರ ಕೂಡುದಾಣವಾಗಿದ್ದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿತು. 2020ರ ಕೋವಿಡ್ ಕಾಲದಲ್ಲಿ ಸೆಂಟ್ರಲ್ ಮಾರ್ಕೆಟ್ಟಿನ ಸಗಟು ವ್ಯಾಪಾರವನ್ನು ಬೈಕಂಪಾಡಿಗೆ ಸಾಗಿಸಲಾಯಿತು. ಕಳೆದ ಮಳೆಗಾಲದಲ್ಲಿ ನಾನು ಹೋದಾಗ ನಮ್ಮ ಮನೆಯಿದ್ದ ಓಣಿಯಲ್ಲಿ ರಾತ್ರಿ ಒಂಬತ್ತಕ್ಕೆ ದೀಪವಿರುವ ಒಂದು ಕಿಟಕಿಯೂ ಕಾಣಲಿಲ್ಲ. ಹಗಲೆಲ್ಲ ಕಾಲಿಡಲು ಜಾಗವಿಲ್ಲದ ಪೇಟೆ ಇರುಳಿಗೆ ಬರಿಯ ಗೋದಾಮು.

ದೆಹಲಿಯಲ್ಲಿ ಈ ಕಥೆಯ ಮುಂದಿನ ಅಧ್ಯಾಯವನ್ನು ನಾನು ಕಂಡಿದ್ದೇನೆ. ಉರ್ದು ಎಂಬ ಹೆಸರು ಶಾಹಜಹಾನಾಬಾದಿನ ‘ಉರ್ದು-ಎ-ಮುಅಲ್ಲಾ’ದೊಡನೆ ಬೆಸೆದುಕೊಂಡದ್ದು. ಗಾಲಿಬ್ ಕೊನೆಯ ವರ್ಷಗಳನ್ನು ಕಳೆದ ಬಲ್ಲಿಮಾರಾನಿನ ಮನೆ ಇಂದು ಸ್ಮಾರಕವಾಗಿದೆ. ಅದರ ಸುತ್ತಲ ಹಳೆಯ ಹವೇಲಿಗಳಲ್ಲಿ ಅನೇಕವು ಸರಕಿನ ದಾಸ್ತಾನುಗಳಾಗಿವೆ. ಅಂಗಡಿ ಕೆಳಗೆ, ಮನೆ ಮೇಲೆ ಎಂಬ ಕ್ರಮದಲ್ಲಿ 1930ರ ಸುಮಾರಿಗೆ ಕಟ್ಟಿದ ಕನಾಟ್ ಪ್ಲೇಸಿನ ಮಹಡಿಗಳಲ್ಲಿ ಈಗ ಬಹುಪಾಲು ಕಚೇರಿಗಳಿವೆ. ಕವಿಯ ಮನೆಯನ್ನು ಕಾಪಾಡಬಹುದು. ಕವಿಯ ನುಡಿಯನ್ನು ಆಡುತ್ತಿದ್ದ ನೆರೆಹೊರೆಯನ್ನು ಸ್ಮಾರಕವಾಗಿಸಲು ಬರುವುದಿಲ್ಲ.

ನೆರೆಹೊರೆ ಚದುರಿದಾಗ ಭಾಷೆಯಷ್ಟೇ ಅಲ್ಲ, ಪರಸ್ಪರ ಪರಿಚಯವೂ ಸೊರಗುತ್ತದೆ. 2019ರ ಡಿಸೆಂಬರ್ 19ರಂದು ನಮ್ಮ ಬಂದರು ಪ್ರದೇಶದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದ ಸುದ್ದಿ ದೆಹಲಿಗೆ ಬಂದಾಗ, ಊರಿನ ಹಳೆಯ ಗೆಳೆಯರಿಗೆ ಫೋನು ಮಾಡಿದೆ. ಕೇವಲ ಮೂರು ನಾಲ್ಕು ಮೈಲಿ ಆಚೆಯ ಬಡಾವಣೆಗಳಲ್ಲಿದ್ದ ಅವರಿಗೆ ತಿಳಿದುದೂ ದೂರದರ್ಶನದಲ್ಲಿ ನನಗೆ ಕಂಡಷ್ಟೇ. ಕರೆದು ವಿಚಾರಿಸಲು ಆ ಬೀದಿಯಲ್ಲಿ ಈಗ ಅವರಿಗೆ ಯಾರೂ ಇರಲಿಲ್ಲ. ಆ ಮಾತು ಇಂದಿಗೂ ನನ್ನನ್ನು ಕಾಡುತ್ತಿದೆ.

ತುಳು, ಕೊಂಕಣಿಗಳಿಗೆ 1994ರಲ್ಲಿಯೂ ಬ್ಯಾರಿಗೆ 2009ರಲ್ಲಿಯೂ ಅಕಾಡೆಮಿಗಳು ಬಂದದ್ದು ಸಂತೋಷದ ಸಂಗತಿ. ಆದರೆ ಈ ನುಡಿಗಳ ನಡುವೆ ಓಡಾಡಿ ಬೆಳೆದ ಕನ್ನಡದ ಕಡೆಗೆ ನಮ್ಮ ವಿಭಾಗಗಳು ಸಾಕಷ್ಟು ಲಕ್ಷ್ಯ ಕೊಟ್ಟಿಲ್ಲ. ಹಳ್ಳಿಗಳಿಗೆ ಹೋಗಿ ಪಾಡ್ದನಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ನಮ್ಮ ವಿದ್ಯಾರ್ಥಿಗಳು ಪೇಟೆಯ ಓಣಿಗಳಿಗೂ ಹೋಗಬೇಕು. ಮಂಡಿಗಳ ಲೆಕ್ಕದ ಪುಸ್ತಕ, ಹಳೆಯ ಕಾಗದಪತ್ರ, ನಾಮಫಲಕ, ಧಕ್ಕೆಯ ಹರಾಜಿನ ಮಾತು ಇವೆಲ್ಲವೂ ಅಭ್ಯಾಸಯೋಗ್ಯ ಆಕರಗಳೇ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ರಸ್ತೆ, ಕಟ್ಟಡಗಳ ಬಗೆಗೆ ಬಹಳ ಚರ್ಚೆ ನಡೆಯಿತು. ನಡುಪೇಟೆಯಲ್ಲಿ ಸಾಧಾರಣ ಸಂಸಾರಗಳು ಬಾಳಲು ಮನೆಗಳಿರಬೇಕೆಂಬ ಮಾತನ್ನು ಎಂಜಿನಿಯರುಗಳು ಮಾತ್ರವೇ ಆಡಬೇಕೆಂದಿಲ್ಲ. ಭಾಷೆಯ ಅಧ್ಯಾಪಕರಾದ ನಾವೂ ಆಡಬೇಕು.

ತಂದೆಯವರ ಲೆಕ್ಕದ ಪುಸ್ತಕಗಳಲ್ಲಿ ಒಂದು ನನ್ನಲ್ಲಿ ಉಳಿದಿದೆ. ಅದರ ಕೊನೆಯ ಪುಟದಲ್ಲಿ, ಕಾಗದ ಬರೆಸಿದವರ ಮಕ್ಕಳ ಮುಂಬಯಿ ವಿಳಾಸಗಳನ್ನು ಅವರು ಅಂದವಾದ ಕನ್ನಡದಲ್ಲಿ ಗುರುತಿಸಿಟ್ಟಿದ್ದಾರೆ. ಯಾವ ಸಂಶೋಧನ ಗ್ರಂಥಕ್ಕೂ ಕಡಮೆಯಿಲ್ಲದ ಗೌರವದಿಂದ ನಾನು ಆ ಪುಟವನ್ನು ಓದುತ್ತೇನೆ.