ಹೊಸ ಬೈಕು ‘ಪಟ್’ ಅಂದರೆ ಮೊದಲು ಕಿವಿ ಕೊಡಿ

ಕ್ಯಾಂಪಸ್ಸಿನಲ್ಲಿ ಯಾರದಾದರೂ ಹೊಸ ಬೈಕು ಆಕ್ಸಿಲರೇಟರ್ ಬಿಟ್ಟ ತಕ್ಷಣ ‘ಪಟ್ ಪಟ್’ ಅಂದರೆ ಮೂರು ಥರದ ಮಾತು ಕೇಳಿಸುತ್ತೆ. ಒಬ್ಬ ‘ಮಸ್ತ್ ಸೌಂಡ್ ಮಗಾ’ ಅಂತಾನೆ. ಇನ್ನೊಬ್ಬ ‘ರನ್ನಿಂಗ್ ಇನ್ ಮುಗೀಲಿ, ತಾನೇ ಸರಿಹೋಗುತ್ತೆ’ ಅಂತಾನೆ. ಮೂರನೆಯವನು ‘ಫಿಲ್ಟರ್ ಬದಲಾಯ್ಸು, ಪ್ಲಗ್ ಬದಲಾಯ್ಸು’ ಅಂತ ಪಾರ್ಟ್ಸ್ ಪಟ್ಟಿ ಕೊಡ್ತಾನೆ. ಮೂವರೂ ತಪ್ಪಿಸಿಕೊಳ್ಳುವ ಕೆಲಸ ಒಂದೇ: ಆ ಸದ್ದು ಯಾವಾಗ ಬಂತು, ಎಲ್ಲಿಂದ ಬಂತು, ಯಾಕೆ ಬಂತು ಅಂತ ನೋಡುವುದು. ಐಸಿ ಎಂಜಿನ್ ಬಗ್ಗೆ ಹತ್ತು ಮಾರ್ಕ್ಸಿನ ಉತ್ತರ ಬರೆಯುವ ನಾವೇ ಇದನ್ನು ಮಾಡದಿದ್ದರೆ ಇನ್ಯಾರು ಮಾಡಬೇಕು?

ಓದಿದ್ದನ್ನೇ ಸ್ವಲ್ಪ ನೆನಪಿಸಿಕೊಳ್ಳೋಣ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ತೀರಾ ಹೆಚ್ಚಾಗಿ ಮಿಶ್ರಣ ಲೀನ್ ಆದರೆ ಅದು ನಿಧಾನವಾಗಿ ಉರಿಯುತ್ತೆ, ಕೆಲವೊಮ್ಮೆ ಹೊತ್ತಿಕೊಳ್ಳುವುದೇ ಇಲ್ಲ. ಉಳಿದ ಪೆಟ್ರೋಲ್ ಆವಿ ಬಿಸಿಯಾದ ಎಕ್ಸಾಸ್ಟ್ ಪೈಪಿಗೆ ಹೋಗಿ, ಅಲ್ಲಿ ಗಾಳಿ ಸಿಕ್ಕರೆ ಹೊತ್ತಿಕೊಂಡು ‘ಪಟ್’ ಅನ್ನುತ್ತೆ. ನಾವು ಬ್ಯಾಕ್‌ಫೈರ್ ಅನ್ನುವುದರಲ್ಲಿ ಬಹುಪಾಲು ಇಂಥದ್ದೇ. ಇದರ ಸರಿಯಾದ ಹೆಸರು ಆಫ್ಟರ್‌ಫೈರ್. ನಿಜವಾದ ಬ್ಯಾಕ್‌ಫೈರ್‌ನಲ್ಲಿ ಬೆಂಕಿ ಉಲ್ಟಾ ಹೊಡೆದು ಏರ್ ಫಿಲ್ಟರ್ ಕಡೆಗೆ ಬರುತ್ತೆ. ಎರಡರ ಕಾರಣ ಬೇರೆ ಬೇರೆ. ಹಾಗಾಗಿ ‘ಬೈಕು ಬ್ಯಾಕ್‌ಫೈರ್ ಆಗ್ತಿದೆ’ ಅನ್ನುವುದು ‘ಹೊಟ್ಟೆ ಸರಿಯಿಲ್ಲ’ ಅಂತ ಡಾಕ್ಟರಿಗೆ ಹೇಳಿದ ಹಾಗೆ. ಅಷ್ಟರಿಂದ ಯಾರಿಗೂ ಏನೂ ತಿಳಿಯಲ್ಲ.

ಸದ್ದು ಬರುವ ಸಂದರ್ಭವೇ ಅರ್ಧ ಉತ್ತರ ಕೊಡುತ್ತೆ. ವೇಗದಲ್ಲಿ ಹೋಗ್ತಾ ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸೈಲೆನ್ಸರ್ ಕಡೆಯಿಂದ ಬಂದರೆ, ಬೆಂಡ್ ಪೈಪ್ ಎಂಜಿನ್‌ಗೆ ಸೇರುವ ಜಾಗದಲ್ಲಿ ಹೊರಗಿನ ಗಾಳಿ ನುಗ್ಗುತ್ತಿರಬಹುದು. ಇಲ್ಲಾಂದ್ರೆ ಸೆಕೆಂಡರಿ ಏರ್ ವಾಲ್ವ್ ನೋಡಬೇಕು. ಹೊಗೆಯಲ್ಲಿ ಉಳಿದ ಹೈಡ್ರೋಕಾರ್ಬನ್ ಸುಡಲಿ ಅಂತ ಎಕ್ಸಾಸ್ಟ್‌ಗೆ ತಾಜಾ ಗಾಳಿ ಬಿಡುವ ವಾಲ್ವ್ ಅದು. ಆಕ್ಸಿಲರೇಟರ್ ಬಿಟ್ಟಾಗ ಮುಚ್ಚಿಕೊಳ್ಳದಿದ್ದರೆ ಪಟಾಕಿ ಶುರು. ಆಕ್ಸಿಲರೇಟರ್ ಕೊಡುವಾಗ, ಅದರಲ್ಲೂ ಏರು ರಸ್ತೆಯಲ್ಲಿ, ಗಾಡಿ ಜಗ್ಗಿ ಜಗ್ಗಿ ‘ಪಟ್’ ಅಂದರೆ ಅದು ಮಿಸ್ಸಿಂಗ್. ಪ್ಲಗ್, ಪ್ಲಗ್ ಕ್ಯಾಪ್, ಪೆಟ್ರೋಲ್ ಪಂಪ್, ಟ್ಯಾಂಕಿಗೆ ಸೇರಿದ ನೀರು, ಎಲ್ಲದರ ಮೇಲೂ ಅನುಮಾನ ಪಡಬೇಕು. ಲಾರಿಯನ್ನು ಓವರ್‌ಟೇಕ್ ಮಾಡುವಾಗ ಎಂಜಿನ್ ಹೀಗೆ ಕೈಕೊಟ್ಟರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಇನ್ನು ಸೀಟಿನ ಕೆಳಗೆ, ಏರ್ ಫಿಲ್ಟರ್ ಡಬ್ಬಿಯೊಳಗೇ ‘ಠುಸ್’ ಅಂದರೆ ಇನ್‌ಟೇಕ್ ರಬ್ಬರಿನ ಲೀಕ್, ಇಗ್ನಿಷನ್ ಟೈಮಿಂಗ್, ಪೂರ್ತಿ ಕೂರದ ಇನ್‌ಟೇಕ್ ವಾಲ್ವ್ ಇವುಗಳನ್ನು ನೋಡಬೇಕು.

ಹೊಸ ಬೈಕಿಗೆ ಒಂದು ವಿಶೇಷ ಇದೆ. ಹತ್ತು ವರ್ಷದ ಗಾಡಿಯಲ್ಲಿ ಏನು ಸವೆದಿದೆ ಅಂತ ಹುಡುಕ್ತೀವಿ. ಹೊಸದರಲ್ಲಿ ಸವೆಯಲು ಇನ್ನೂ ಟೈಮೇ ಆಗಿಲ್ಲ. ಅಲ್ಲಿ ಹುಡುಕಬೇಕಾದ್ದು ಜೋಡಣೆಯ ತಪ್ಪನ್ನು. ಎಂಜಿನ್ ನಾಲ್ಕು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಸಡಿಲವಾದ ಬೆಂಡ್ ಪೈಪಿನ ನಟ್, ಸರಿಯಾಗಿ ಕೂರದ ಗ್ಯಾಸ್ಕೆಟ್, ಬಿಗಿಯಾಗದ ಹೋಸ್ ಕ್ಲ್ಯಾಂಪ್, ಅರ್ಧ ಸಿಕ್ಕಿಸಿದ ಸೆನ್ಸರ್ ಕನೆಕ್ಟರ್. ಡೆಲಿವರಿ ದಿನವೇ ಫಾಗ್ ಲೈಟ್, ಅಲಾರಂ ಹಾಕಿಸಿದ್ದರೆ ಅದಕ್ಕಾಗಿ ಕತ್ತರಿಸಿ ಜೋಡಿಸಿದ ವೈರ್ ಕೂಡ ಈ ಪಟ್ಟಿಗೆ ಸೇರುತ್ತೆ. ಇವುಗಳಲ್ಲಿ ಯಾವುದೂ ರನ್ನಿಂಗ್ ಇನ್ ಮುಗಿದರೆ ತಾನಾಗೇ ಸರಿಹೋಗುವಂಥದ್ದಲ್ಲ.

ಬೆಂಡ್ ಪೈಪಿನ ಲೀಕನ್ನು ನಾವೇ ನೋಡಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಜಾಯಿಂಟಿಗೆ ಸೋಪಿನ ನೀರು ಚಿಮುಕಿಸಿ ಸ್ಟಾರ್ಟ್ ಮಾಡಿ. ಗುಳ್ಳೆ ಎದ್ದರೆ ಲೀಕ್ ಇದೆ. ಜಾಯಿಂಟಿನ ಸುತ್ತ ಕಪ್ಪು ಮಸಿ ಕಂಡರೂ ಅದೇ ಅರ್ಥ. ಪೈಪ್ ಬಿಸಿಯಾಗುವ ಮೊದಲೇ ಆಫ್ ಮಾಡಿ.

ಹಾಗಂತ ಎಲ್ಲ ‘ಪಟ್’ಗೂ ಗಾಬರಿ ಬೇಡ. ಹೆಚ್ಚು ಆರ್‌ಪಿಎಂನಿಂದ ಒಮ್ಮೆಲೇ ಆಕ್ಸಿಲರೇಟರ್ ಬಿಟ್ಟಾಗ ಒಂದೆರಡು ಸಣ್ಣ ಸದ್ದು ಎಷ್ಟೋ ಮಾಡೆಲ್‌ಗಳಲ್ಲಿ ಸಹಜ. ದಿನೇ ದಿನೇ ಹೆಚ್ಚಾಗುವುದು, ಗಾಡಿ ಜಗ್ಗುವುದು, ಐಡ್ಲಿಂಗ್‌ನಲ್ಲಿ ಆಫ್ ಆಗುವುದು, ಎಂಜಿನ್ ಲೈಟ್ ಹತ್ತುವುದು, ಇವುಗಳಲ್ಲಿ ಒಂದು ಜೊತೆಗಿದ್ದರೂ ಅದನ್ನು ಸಹಜ ಅಂತ ಒಪ್ಪಬಾರದು.

ಈಗ ಎಲ್ಲರೂ ಎಥನಾಲ್ ಮೇಲೆ ತಪ್ಪು ಹೊರಿಸ್ತಾರೆ. ಎಥನಾಲ್ ಉರಿಯಲು ಸುಮಾರು 9 ಪಾಲು ಗಾಳಿ ಸಾಕು, ಆದ್ದರಿಂದ ಇ20 ತುಂಬಿಸಿದಾಗ ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಬೇಕು ಅನ್ನುವುದು ನಿಜ. ಆದರೆ ಹೊಸ ಬೈಕಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಆ ವ್ಯತ್ಯಾಸ ಸರಿದೂಗಿಸುತ್ತೆ. ಇ20ಗೆಂದೇ ತಯಾರಾದ ಬೈಕಿನಲ್ಲಿ ಮೊದಲು ಜಾಯಿಂಟು, ಕನೆಕ್ಟರ್ ನೋಡಿ, ಆಮೇಲೆ ಬಂಕ್‌ನವರನ್ನು ಬೈಯಿರಿ.

ಮನೆಯ ಹಿರಿಯರ ಸಲಹೆಯೂ ಇಲ್ಲಿ ಪೂರ್ತಿ ಕೆಲಸ ಮಾಡಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ಓಡಿಸಿದ ತಲೆಮಾರಿನವರು ಸ್ಕ್ರೂಡ್ರೈವರ್ ಹಿಡಿದು, ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ಸದ್ದು ಕೇಳಿಯೇ ಟ್ಯೂನ್ ಮಾಡುತ್ತಿದ್ದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2020ರ ಏಪ್ರಿಲ್ 1ರಂದು ಬಿಎಸ್6 ಬಂದ ಮೇಲೆ ಬಹುತೇಕ ಬೈಕುಗಳಿಂದ ಕಾರ್ಬುರೇಟರೂ ಹೋಯಿತು. ಅವರ ಕಿವಿ ನಮಗೆ ಈಗಲೂ ಬೇಕು. ಆದರೆ ತಿರುಗಿಸುವ ಸ್ಕ್ರೂ ಇಲ್ಲ. ಇಸಿಯು ಏನು ದಾಖಲಿಸಿದೆ ಅಂತ ಸ್ಕ್ಯಾನರ್ ಹಾಕಿಯೇ ನೋಡಬೇಕು.

‘ಮಸ್ತ್ ಸೌಂಡ್’ ಅನ್ನುವವರಿಗೂ ಎರಡು ಮಾತು. ಓಡುತ್ತಿರುವಾಗ ಕಿಲ್ ಸ್ವಿಚ್ ಆಫ್ ಆನ್ ಮಾಡಿ ‘ಢಂ’ ಅನ್ನಿಸುವ ಆಟ ಹಾಸ್ಟೆಲ್ ರಸ್ತೆಯಲ್ಲಿ ಸಾಮಾನ್ಯ. ಪ್ಲಾಟಿನಂ, ಪಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಕ್ಯಾಟಲಿಟಿಕ್ ಕನ್ವರ್ಟರ್ ಸೈಲೆನ್ಸರಿನಲ್ಲಿ ಇರುತ್ತೆ. ಉರಿಯದ ಪೆಟ್ರೋಲ್ ಪದೇ ಪದೇ ಅಲ್ಲಿ ಹೋಗಿ ಉರಿದರೆ ಅದು ಮಿತಿ ಮೀರಿ ಕಾದು ಹಾಳಾಗುತ್ತೆ. ಅದನ್ನು ಕಿತ್ತು ಬೇರೆ ಸೈಲೆನ್ಸರ್ ಹಾಕಿಸಿದರೆ ವಾರಂಟಿ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ನಾವೇ ಕಾರಣ ಕೊಟ್ಟಂತೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ ಶಬ್ದ ಮತ್ತು ವಾಯುಮಾಲಿನ್ಯದ ನಿಯಮ ಮೀರಿದರೆ 10,000 ರೂ.ವರೆಗೆ ದಂಡ, 3 ತಿಂಗಳವರೆಗೆ ಜೈಲು ಅಥವಾ ಎರಡಕ್ಕೂ ಅವಕಾಶ ಇದೆ. ಇದೆಲ್ಲಕ್ಕಿಂತ ಮೊದಲು, ಪಕ್ಕದ ಮನೆಯ ಹಸುಗೂಸು ಬೆಚ್ಚಿಬೀಳುತ್ತೆ ಅನ್ನುವ ಅರಿವಾದರೂ ನಮಗೆ ಬೇಕು.

‘ಕೈ ಹಾಕದೆ ಇಂಜಿನಿಯರ್ ಕಲಿಯೋದು ಹೇಗೆ?’ ಅಂತ ಕೇಳಬಹುದು. ಹಾಕಿ, ಬೇಡ ಅನ್ನಲ್ಲ. ಆದರೆ ಲ್ಯಾಬಿನ ನಿಯಮ ಮರೆಯಬೇಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಫಿಲ್ಟರ್, ಪೆಟ್ರೋಲ್ ಬಂಕ್ ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಸದ್ದು ನಿಂತರೂ ಯಾಕೆ ನಿಂತಿತು ಅಂತ ಗೊತ್ತಾಗಲ್ಲ. ವಾರಂಟಿ ಇರುವ ಗಾಡಿಯಲ್ಲಿ ನಮ್ಮ ಕೆಲಸ ನೋಡುವುದು, ಕೇಳುವುದು, ಬರೆದಿಡುವುದು. ಬಿಚ್ಚುವ ಕೆಲಸ ಸರ್ವೀಸ್ ಸೆಂಟರಿನವರು ಮಾಡಲಿ. ಬಿಚ್ಚಿ ಕಲಿಯಲು ಕಾಲೇಜಿನ ವರ್ಕ್‌ಶಾಪಿನಲ್ಲಿ ಹಳೇ ಎಂಜಿನ್ ಇದ್ದೇ ಇರುತ್ತೆ.

ಸರ್ವೀಸ್ ಸೆಂಟರಿನಲ್ಲಿ ‘ಎಲ್ಲಾ ಗಾಡೀಲೂ ಹೀಗೇ ಸಾರ್’ ಅನ್ನುವ ಉತ್ತರ ಸಿಗಬಹುದು. ಆಗ ಜಗಳ ಬೇಡ, ಡೇಟಾ ಕೊಡಿ. ‘ಎಂಜಿನ್ ಬಿಸಿಯಾದ ಮೇಲೆ, ಮೂರನೇ ಗೇರ್, 5,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಬಿಟ್ಟಾಗ, ಸೈಲೆನ್ಸರ್ ಕಡೆಯಿಂದ’ ಅನ್ನುವ ಥರದ ಒಂದು ಸಾಲು ನೂರು ‘ಪಟ್ ಪಟ್’ ವಿವರಣೆಗಿಂತ ಮೇಲು. ಫೋನಿನಲ್ಲಿ ಗೆಳೆಯನ ಕೈಲಿ ವಿಡಿಯೋ ಮಾಡಿಸಿ. ಟೆಕ್ನಿಷಿಯನ್ ಜೊತೆ ಒಂದು ರೌಂಡ್ ಹೋಗಿ. ಅದೇ ಮಾಡೆಲಿನ ಇನ್ನೊಂದು ಬೈಕು ಅಲ್ಲಿದ್ದರೆ ಅದರ ಸದ್ದು ಕೇಳಿಸಿ ಅನ್ನಿ. ‘ಎಲ್ಲಾ ಗಾಡೀಲೂ’ ಅನ್ನುವ ಮಾತು ನಿಜವೋ ಸುಳ್ಳೋ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಕಂಪ್ಲೇಂಟ್ ಜಾಬ್ ಕಾರ್ಡಿನಲ್ಲಿ ನಮ್ಮ ಮಾತಲ್ಲೇ ಬರೆಸಿ, ಏನು ನೋಡಿದರು, ಏನು ಮಾಡಿದರು ಅಂತಲೂ ಬರೆಸಿಕೊಳ್ಳಿ. ಎರಡು ಮೂರು ಸಲ ಹೋದರೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಮಾತಾಡುವಾಗಲೂ ಕೈಯಲ್ಲಿ ಕಾಗದ ಬೇಕು.

ನಮ್ಮಲ್ಲಿ ಎಷ್ಟೋ ಜನರ ಬೈಕಿನ ಇಎಂಐ ಇನ್ನೂ ಅಪ್ಪ ಕಟ್ಟುತ್ತಿದ್ದಾರೆ. ಮಾರ್ಕ್ಸ್ ಕಾರ್ಡ್ ಫೈಲಿನಲ್ಲೇ ಆ ಜಾಬ್ ಕಾರ್ಡನ್ನೂ ಜೋಪಾನವಾಗಿ ಇಟ್ಕೊಳ್ಳಿ.