ನೋವು ಹೋದರೆ ಮೊಣಕಾಲು ವಾಸಿಯಾದಂತೆಯೇ?

'ಆಪರೇಷನ್ ಆಗಿ ಮೂರ್ ತಿಂಗಳಾತು, ಇನ್ನೂ ಏನ್ ಕಾಲ್ ಎತ್ತಿ ಇಳಸಾಕತ್ತಿ?' ಮಮದಾಪುರದ ಕಟ್ಟೆಯ ಮೇಲೆ ಕುಳಿತವರು ಹೀಗೆ ಕೇಳಿದಾಗ ನನಗೂ ಹೌದಲ್ಲ ಅನಿಸಿತ್ತು.

ಕಬಡ್ಡಿಯಲ್ಲಿ ರೇಡ್ ಮುಗಿಸಿ ತಿರುಗುವಾಗ ಮೊಣಕಾಲಿನೊಳಗೆ 'ಟಪ್' ಎಂದಿತ್ತು. ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು. ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಆ ಜಾಗದಲ್ಲಿ ಕೂರಿಸಿದರು. ಮನೆಗೆ ಬಂದ ದಿನ ಅವ್ವ ಪ್ರೀತಿಯಿಂದ ಮೊಣಕಾಲಿನ ಕೆಳಗೆ ದಿಂಬು ಇಟ್ಟಳು. ಹಾಯೆನಿಸಿತು. ವಿಷಯ ತಿಳಿದ ಫಿಸಿಯೊಥೆರಪಿಸ್ಟ್ ಬೈದೇಬಿಟ್ಟರು. ದಿಂಬು ಹಿಮ್ಮಡಿಯ ಕೆಳಗಿರಬೇಕಂತೆ. ಮೊದಲ ವಾರಗಳಲ್ಲೇ ಕಾಲು ಪೂರ್ತಿ ನೇರವಾಗದಿದ್ದರೆ ಕುಂಟು ಉಳಿದುಬಿಡಬಹುದು. ತೊಡೆ ಬಿಗಿದು ಐದು ಸೆಕೆಂಡ್ ಹಿಡಿಯುವುದು, ಹಿಮ್ಮಡಿ ಜಾರಿಸುವುದು, ಕಾಲು ನೇರವಾಗಿ ಎತ್ತುವುದು, ಇವು ನೋಡುವವರಿಗೆ ವ್ಯಾಯಾಮ ಅನಿಸುವುದೇ ಇಲ್ಲ. ಸೊರಗಿದ ತೊಡೆಗೆ ಮೊದಲ ಬಲ ಬರುವುದು ಮಾತ್ರ ಇವುಗಳಿಂದಲೇ.

ಮೂರನೇ ತಿಂಗಳಿಗೆ ನೋವು ಹೋಯಿತು. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ 1600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಓಡಬೇಕಲ್ಲ, ವಯಸ್ಸು ಮೀರುವ ಚಿಂತೆ ಬೇರೆ. ವ್ಯಾಯಾಮ ಬಿಟ್ಟು ಕೆರೆ ಏರಿಯ ಮೇಲೆ ಓಡಿದೆ. ಸಂಜೆಗೆ ಮೊಣಕಾಲು ಊದಿತ್ತು. ಹೊಸ ರಜ್ಜು ಹರಿದಿರಲಿಲ್ಲ ಎಂಬುದು ಅದೃಷ್ಟ. ಕೂರಿಸಿದ ರಜ್ಜಿಗೆ ಮೊದಲು ರಕ್ತಸಂಚಾರವೇ ಇರುವುದಿಲ್ಲ. ಗಟ್ಟಿಯಾಗುವ ಮುನ್ನ ಅದು ಕೆಲವು ತಿಂಗಳು ಬಲ ಕಳೆದುಕೊಳ್ಳುತ್ತದೆ. ನೋವು ಮಾಯವಾಗುವುದೂ ಸರಿಯಾಗಿ ಅದೇ ಹೊತ್ತಿಗೆ. 2016ರಲ್ಲಿ ಪ್ರಕಟವಾದ ಡೆಲವೇರ್–ಓಸ್ಲೊ ಅಧ್ಯಯನದಲ್ಲಿ, ಒಂಬತ್ತನೇ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು.

ನಮ್ಮಲ್ಲಿ ಆಪರೇಷನ್‌ಗೆ ಸಾಲ ಮಾಡುತ್ತಾರೆ, ಫಿಸಿಯೊಥೆರಪಿ ಎಂದರೆ 'ಮಾಲೀಶ್‌ಗೂ ರೊಕ್ಕಾನಾ?' ಎನ್ನುತ್ತಾರೆ. ಅವರನ್ನಷ್ಟೇ ದೂರಿ ಫಲವಿಲ್ಲ. ಅರ್ಧ ಗಂಟೆಯ ವ್ಯಾಯಾಮಕ್ಕೆ ಬಸ್ ಹಿಡಿದು ವಿಜಯಪುರಕ್ಕೆ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಹೋಬಳಿ ಮಟ್ಟದಲ್ಲಿ ವಾರಕ್ಕೊಂದು ದಿನವಾದರೂ ಫಿಸಿಯೊಥೆರಪಿಸ್ಟ್ ಸಿಗುವಂತಾಗಬೇಕು. ದೈಹಿಕ ಪರೀಕ್ಷೆಗೆ ತರಬೇತಿ ಕೊಡುವವರೂ ಓಡಿಸುವ ಮುನ್ನ ಹಳೆಯ ಗಾಯಗಳ ಬಗ್ಗೆ ಕೇಳಬೇಕು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಏಳನೇ ತಿಂಗಳು. ಒಂಟಿಗಾಲಿನ ಜಿಗಿತದಲ್ಲಿ ಆಪರೇಷನ್ ಆದ ಕಾಲು ಇನ್ನೊಂದರ ಶೇ 80ರಷ್ಟು ದೂರ ಮುಟ್ಟುತ್ತಿದೆ. ಶೇ 90 ದಾಟುವವರೆಗೆ ಓಟ ಬೇಡ ಎಂದಿದ್ದಾರೆ. ಈ ಸಲದ ನೇಮಕಾತಿಗೆ ನಾನಿಲ್ಲ. ಕಟ್ಟೆಯವರು ಕೇಳುವುದನ್ನು ಬಿಟ್ಟಿಲ್ಲ, ನಾನು ಕಾಲೆತ್ತುವುದನ್ನೂ ಬಿಟ್ಟಿಲ್ಲ.